ಬಿಷಪ್ಪರಿಗೆ ಬೇರೆ ಎಲೆ

ಬೆಳ್ಳಿಯ ತಟ್ಟೆ ಕಾಲಬುಡಕ್ಕೆ ಸರಿದು ಬಂದ ಮೇಲೆಯೇ ಬಿಷಪ್ ಸಮುವೇಲರಿಗೆ ಬಕ್ಕೇಶಪ್ಪನ ಹಂಚಿಕೆ ಏನೆಂದು ಹೊಳೆದದ್ದು. ಬೂಟನ್ನು ಬಾಗಿಲಲ್ಲೇ ಬಿಟ್ಟು ಬಂದಿದ್ದರು. ಈಗ ಆತ ಅವರ ಕಾಲುಚೀಲಕ್ಕೇ ಕೈ ಹಾಕಿದ್ದ. ಪಕ್ಕದಲ್ಲಿ ಆತನ ಹೆಂಡತಿ ಶಕುಂತಲಮ್ಮ ತಲೆತುಂಬ ಸೆರಗು ಹೊದ್ದು, ನೀರಿನ ತಂಬಿಗೆ ಹಿಡಿದು, ಇದೆಲ್ಲ ದಿನಾ ನಡೆಯುವ ಕೆಲಸವೆಂಬಂತೆ ನಿಂತಿದ್ದಳು.

"ಏ ಬಕ್ಕೇಶಿ, ಏನೋ ಇದು? ಬಿಡು, ಕಾಲು ಬಿಡು."

"ಸುಮ್ನಿರ್ರಿ ಬುದ್ಧೀ. ಗುರುಗಳನ್ನ ಬಿನ್ನಕ್ಕೆ ಕರ್ದು, ಪಾದ ತೊಳೀದಲೆ ಎಲೆ ಹಾಕಾಕಾಗ್ತೈತಾ?"

"ನಾನ್ಯಾವ ಗುರುನೋ ನಿಂಗೆ? ಒಂದೇ ಬೆಂಚಿನಾಗೆ ಕುಂತು ಓದಿದೋರು ನಾವು."

"ಅದು ಆವಾಗ," ಎಂದ ಬಕ್ಕೇಶಪ್ಪ, ಕಾಲುಚೀಲವನ್ನು ಮಡಚಿ ಪಕ್ಕಕ್ಕಿಡುತ್ತ.

ದಾವಣಗೆರೆಯ ಹತ್ತಿ ವ್ಯಾಪಾರದಲ್ಲಿ ಬಕ್ಕೇಶಪ್ಪ ದೊಡ್ಡ ಕುಳ. ಮಿಷನ್ ಶಾಲೆಯಲ್ಲಿ ಸಮುವೇಲರ ಜೊತೆ ಕಲಿತವನು. ಗೆಳೆಯ ಬಿಷಪ್ಪನಾದನೆಂದು ಕೇಳಿದ ದಿನದಿಂದ ಒಮ್ಮೆಯಾದರೂ ಮನೆಗೆ ಕರೆಸಬೇಕೆಂದು ಹಟ ಹಿಡಿದಿದ್ದ. ಆದರೆ ಕರೆಸಿದ ಮೇಲೆ ಹೇಗೆ ನಡೆಸಿಕೊಳ್ಳಬೇಕೆಂದು ಆತನಿಗೆ ಹೇಳಿಕೊಡುವವರು ಯಾರು? ಮಠದ ಸ್ವಾಮಿಗಳು ಬಂದರೆ ಏನೇನು ಮಾಡುತ್ತಿದ್ದರೋ ಅದನ್ನೇ ಇವರಿಗೂ ಮಾಡಿದ. ನೇರಳೆ ಬಣ್ಣದ ನಿಲುವಂಗಿ, ಎದೆಯ ಮೇಲೆ ಶಿಲುಬೆ, ಕೈಯಲ್ಲಿ ದಂಡ. ಕಾವಿಯೊಂದಿಲ್ಲ ಅನ್ನುವುದು ಬಿಟ್ಟರೆ ಉಳಿದದ್ದೆಲ್ಲ ಆತನ ಲೆಕ್ಕಕ್ಕೆ ಸರಿಹೋಗುತ್ತಿತ್ತು.

ನೀರು ಬೆಚ್ಚಗಿತ್ತು. ಬಿಷಪ್ಪರಿಗೆ ಒಳಗೊಳಗೇ ನಗು ಬಂತು. ವರ್ಷಕ್ಕೊಮ್ಮೆ, ಶುಭ ಶುಕ್ರವಾರದ ಹಿಂದಿನ ದಿನ, ಅವರೇ ಸೊಂಟಕ್ಕೆ ಟವೆಲು ಸುತ್ತಿಕೊಂಡು ಕ್ರೈಸ್ತ ಸಭೆಯ ಹನ್ನೆರಡು ಮಂದಿಯ ಕಾಲು ತೊಳೆಯಬೇಕು. ಒಡೆಯನಾದವನು ಆಳಾಗಬೇಕೆನ್ನುವ ಪಾಠ ಅದು. ಆದರೆ ಆ ಹನ್ನೆರಡು ಮಂದಿ ಮನೆಯಲ್ಲೇ ಸೋಪು ಹಚ್ಚಿ, ಕಲ್ಲಿನಿಂದ ಹಿಮ್ಮಡಿ ತಿಕ್ಕಿ, ಪೌಡರು ಬಳಿದುಕೊಂಡು ಬಂದಿರುತ್ತಿದ್ದರು. ಬಿಷಪ್ಪರ ಕೈಗೆ ಕೊಳೆ ಅಂಟೀತೆಂಬ ಭಯ. ಆಳಾಗುತ್ತೇನೆಂದರೂ ಜನ ಬಿಡಬೇಕಲ್ಲ!

ನಡುಮನೆಯಲ್ಲಿ ಒಂದೇ ಮಣೆ ಹಾಕಿ ಮುಂದೆ ಒಂದೇ ಬಾಳೆ ಎಲೆ ಹಾಸಿದ್ದರು. ಹೋಳಿಗೆ, ಎಣ್ಣೆಗಾಯಿ, ಕೋಸಂಬರಿ, ಬಟ್ಟಲು ತುಂಬ ತುಪ್ಪ. ಮನೆಯವರೆಲ್ಲ ಗೋಡೆಗುಂಟ ಕೈಕಟ್ಟಿ ನಿಂತಿದ್ದರು.

"ನೀನೂ ಒಂದು ಎಲೆ ಹಾಕ್ಕಳೋ ಬಕ್ಕೇಶಿ. ಒಬ್ಬನೇ ಉಂಡ್ರೆ ಒಳಗೆ ಇಳಿಯಲ್ಲ."

ಬಕ್ಕೇಶಪ್ಪ ನಾಲಿಗೆ ಕಚ್ಚಿಕೊಂಡ. "ಗುರುಗಳ ಸಮಸಮಕ್ಕೆ ಕೂಡಾದಾ? ಎಲ್ಲಾದ್ರೂ ಉಂಟೇನ್ರಿ? ನೀವು ಉಂಡೇಳ್ರಿ. ಆಮ್ಯಾಗೆ ಪ್ರಸಾದ ಅಂತ ನಾವು ಉಣ್ತೀವಿ."

ಈ ಮನೆಯ ನಡುಮನೆಯನ್ನು ಸಮುವೇಲರು ಕಂಡದ್ದು ಅದೇ ಮೊದಲು. ಹುಡುಗನಾಗಿದ್ದಾಗ ಜಗುಲಿಯ ಕೆಳಗಿನ ಚಪ್ಪಡಿ ಕಲ್ಲೇ ಅವರ ಜಾಗ. ಬಕ್ಕೇಶಪ್ಪನ ಅಜ್ಜಿ ತಂಬಿಗೆಯನ್ನು ಎತ್ತರ ಹಿಡಿದು ಅವರ ಬೊಗಸೆಗೆ ನೀರು ಬಿಡುತ್ತಿದ್ದಳು. ಕೆಟ್ಟವಳೇನಲ್ಲ, ಬೆಲ್ಲದ ಚೂರನ್ನೂ ಅಷ್ಟೇ ಎತ್ತರದಿಂದ ಹಾಕುತ್ತಿದ್ದಳು. ಊರ ಹೊರಗಿನ ಕೇರಿಯ ಹುಡುಗನನ್ನು ಮುಟ್ಟಿದರೆ ಆಕೆಗೆ ಮೈಲಿಗೆ. ಈಗ ಆಕೆಯ ಮೊಮ್ಮಗ ಸಮನಾಗಿ ಕೂತರೆ ಬಿಷಪ್ಪರ ದೊಡ್ಡತನಕ್ಕೆ ಕುಂದು. ಹೊರಗಿನ ಕಲ್ಲಿನಿಂದ ಒಳಗಿನ ಮಣೆಗೆ ಬರಲು ಒಂದು ಆಯುಷ್ಯವೇ ಹಿಡಿದಿತ್ತು; ಎಲೆ ಮಾತ್ರ ಆಗಲೂ ಬೇರೆ, ಈಗಲೂ ಬೇರೆ. ಶಕುಂತಲಮ್ಮ ಕೇಳದೆಯೇ ಇನ್ನೊಂದು ಹೋಳಿಗೆ ಬಡಿಸಿದಳು.

ಅವರ ಕೈ ಎಲೆಯ ಮೇಲೇ ನಿಂತದ್ದನ್ನು ಬಕ್ಕೇಶಪ್ಪ ತನಗೆ ತಿಳಿದಂತೆ ಅರ್ಥಮಾಡಿಕೊಂಡ. "ಹಳೇದೆಲ್ಲ ನೆನಸ್ಕಬ್ಯಾಡ್ರಿ ಬುದ್ಧೀ. ಋಷಿಮೂಲ, ನದೀಮೂಲ ಕೇಳಬಾರ್ದು ಅಂತಾರೆ. ಅದು ಹೋಗ್ಲಿ, ಮಾರ್ಚಿಗೆ ಪೀಠ ಬಿಡ್ತೀರಂತಲ್ಲ. ಮುಂದೆ ಎಲ್ಲಿ ಇರಾದು?"

"ಹರಿಹರ," ಎಂದುಬಿಟ್ಟರು ಸಮುವೇಲರು. "ನಮ್ಮಕ್ಕನ ಮನ್ಯಾಗೆ. ಇನ್ನೂ ಕೇಳಿಲ್ಲ. ನಾಳೆ ಕೇಳ್ತೀನಿ."

"ಕೇಳಾದೇನೈತ್ರಿ ಅದ್ರಾಗೆ? ಒಡಹುಟ್ಟಿದಾಕಿ."

"ಹೌದಲ್ಲೇನೋ?" ಎಂದರು ಬಿಷಪ್ಪರು, ಸಣ್ಣ ಹುಡುಗನ ಆಸೆಯಿಂದ. ಎಂಟು ತಿಂಗಳಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

ಹರಿಹರದ ಹೊಳೆದಂಡೆಯ ಕೇರಿಯಲ್ಲಿ ಚರ್ಮ ಹದ ಮಾಡುತ್ತಿದ್ದ ಸೂರಪ್ಪನ ಮಗ ಬಿಷಪ್ಪನಾದ ಕಥೆಯನ್ನು ಆ ಕಡೆಯ ಸಭೆಗಳಲ್ಲಿ ಈಗಲೂ ಹೇಳುತ್ತಾರೆ. ದಾವಣಗೆರೆಯ ಮಿಷನ್ ಬೋರ್ಡಿಂಗಿನ ಗಂಜಿ, ಬೆಂಗಳೂರಿನ ದೇವಶಾಸ್ತ್ರದ ಓದು, ಆಮೇಲೆ ಊರಿಂದೂರಿಗೆ ಪಾದ್ರಿಯ ಕೆಲಸ, ನಡುವೆ ಒಂದು ವರ್ಷ ಇಂಗ್ಲೆಂಡಿನ ಆಂಗ್ಲಿಕನ್ ಕಾಲೇಜಿನಲ್ಲಿ ಚಳಿಗೆ ನಡುಗಿದ್ದು. ಸ್ವಾತಂತ್ರ್ಯ ಬಂದ ವರ್ಷ ದಕ್ಷಿಣದ ಬೇರೆ ಬೇರೆ ಕ್ರೈಸ್ತ ಸಭೆಗಳು ಒಂದಾದಾಗ, ಇಂಗ್ಲೆಂಡಿನ ಸಭೆಯವರಾದ ಆಂಗ್ಲಿಕನ್ನರ ಪದ್ಧತಿಯಂತೆ ಈ ಕಡೆಗೂ ಬಿಷಪ್ಪರು ಬಂದರು. ಅಲ್ಲಿಯವರೆಗೆ ಇಲ್ಲಿನವರು ಬಿಷಪ್ಪನ ಮುಖವನ್ನೇ ಕಂಡಿರಲಿಲ್ಲ. "ಈಯಪ್ಪ ಅಮಲ್ದಾರ್‌ಗಿಂತ ದೊಡ್ಡೋನಾ, ಸಣ್ಣೋನಾ?" ಎಂದು ಹರಿಹರದ ಹಿರಿಯನೊಬ್ಬ ಕೇಳಿದ್ದನಂತೆ. ಕೆಲವು ವರ್ಷಕ್ಕೆ ಆ ಕುರ್ಚಿಗೆ ಸೂರಪ್ಪನ ಮಗನೇ ಬಂದು ಕೂತಾಗ, ದೊಡ್ಡೋನು ಎಂದೇ ತೀರ್ಮಾನವಾಯಿತು.

ದೊಡ್ಡವರಾದ ಮೇಲೆ ಗೆಳೆಯರು ಕಡಿಮೆಯಾದರು. ಪಾದ್ರಿಗಳನ್ನು ಊರಿಂದೂರಿಗೆ ವರ್ಗ ಮಾಡುವ ಕೈ ಬಿಷಪ್ಪನದು. ಜೊತೆಯಲ್ಲಿ ಓದಿದ ಪಾದ್ರಿಯೊಬ್ಬ ಹೆಗಲ ಮೇಲೆ ಕೈಹಾಕಿ ನಕ್ಕರೆ, ಆತನಿಗೆ ಒಳ್ಳೆಯ ಊರು ಬೇಕಾಗಿದೆ ಎಂದು ಉಳಿದವರು ಪಿಸುಗುಟ್ಟುತ್ತಿದ್ದರು. ಆತನ ಹೆಸರು ಕೆಡದಿರಲೆಂದು ಸಮುವೇಲರೇ ಸ್ವಲ್ಪ ದೂರ ಸರಿದರು. ಹಾಗೆ ಒಬ್ಬೊಬ್ಬರಿಂದಲೂ ಸ್ವಲ್ಪ ಸ್ವಲ್ಪ. ಹೆಂಡತಿ ಪ್ರೇಮಾವತಿ ಬದುಕಿರುವ ತನಕ ಊಟದ ಮೇಜಿನ ಎದುರಿಗೆ ಒಬ್ಬರಿದ್ದರು. ಉಪ್ಪು ಹೆಚ್ಚಾಯಿತು ಅಂದರೆ ತಿರುಗಿ ಅನ್ನುವವರಿದ್ದರು. ಮಕ್ಕಳಾಗಲಿಲ್ಲ. ಆಕೆ ಹೋದ ಮೇಲೆ ಬಿಷಪ್ಪರ ಬಂಗಲೆಯ ದೊಡ್ಡ ಮೇಜಿನಲ್ಲಿ ಅವರು ಒಂದು ಮೂಲೆಗೆ ಕೂತು ಉಣ್ಣುವುದನ್ನು ರೂಢಿ ಮಾಡಿಕೊಂಡರು.

ಅರವತ್ತೈದಕ್ಕೆ ನಿವೃತ್ತಿ. ಬಂಗಲೆ ಬಿಡಬೇಕು. ನಿವೃತ್ತ ಪಾದ್ರಿಗಳಿಗೆಂದು ನೀಲಗಿರಿಯ ಕಡೆ ಒಂದು ಮನೆಯಿತ್ತು. ಅಲ್ಲಿ ಒಂದು ಕೋಣೆ ಅವರಿಗಾಗಿ ಕಾದಿರಿಸಿದ್ದಾರೆಂದು ತಿಳಿಸಿದ್ದರು. ಅವರು ಅದನ್ನು ನೋಡಿ ಬಂದಿದ್ದರು. ಉದ್ದನೆಯ ವರಾಂಡ, ಬೆತ್ತದ ಕುರ್ಚಿಗಳು, ಒಂದೊಂದು ಕುರ್ಚಿಯೂ ಒಂದೊಂದು ದಿಕ್ಕಿಗೆ. ಕೂತವರು ಮಂಜು ನೋಡುತ್ತಿದ್ದರು. ಅವತ್ತಿನಿಂದ ಅವರಿಗೆ ಹರಿಹರದ ಅಕ್ಕ ನೀಲಕ್ಕನ ಮನೆ, ಆ ಮನೆಯ ಹಿತ್ತಲ ಕೋಣೆ ತಲೆಯಲ್ಲಿ ಕೂತುಬಿಟ್ಟಿತು.

ಊಟ ಮುಗಿಸಿ ಜೀಪು ಹತ್ತಿದಾಗ ಹತ್ತಿಮಿಲ್ಲಿನ ಮಧ್ಯಾಹ್ನದ ಸೈರನ್ನು ಕೂಗುತ್ತಿತ್ತು. ಪಾಳಿ ಬಿಟ್ಟ ಕೂಲಿಕಾರರು ಕೂದಲಿಗೆ ಅರಳೆ ಅಂಟಿಸಿಕೊಂಡು ರಸ್ತೆ ತುಂಬ ಹರಡಿಕೊಂಡಿದ್ದರು. ಡ್ರೈವರ್ ಮುನಾಫ್ ಹಾರನ್ನು ಒತ್ತುತ್ತ, ನಡುವೆ ಪರಿಚಯದವರಿಗೆ ಕೈಯೆತ್ತುತ್ತ ಜೀಪನ್ನು ಹರಿಹರದ ರಸ್ತೆಗೆ ತಂದ. ದಾವಣಗೆರೆಯವನೇ, ಬಿಷಪ್ಪರ ಜೀಪು ಓಡಿಸಲು ಹಿಡಿದು ಐದಾರು ವರ್ಷವಾಗಿತ್ತು.

"ನಾಳೆ ನೀಲಕ್ಕನ ಮನ್ಯಾಗೆ ಊಟ ಅಲ್ರೀ ಸಾಬ್?" ಎಂದ. "ಆಕಿ ಕೈ ರೊಟ್ಟಿ ತಿಂದು ಬಾಳ ದಿನ ಆತು."

"ನೀನ್ಯಾವಾಗ ತಿಂದ್ಯೋ?"

"ನೀವು ಸಾಮಾನು ಕಳಿಸಿದಾಗೆಲ್ಲ ನಾನೇ ಒಯ್ಯಾದಲ್ರೀ? ಹೋದಾಗೆಲ್ಲ ಒಲಿ ಮುಂದೆ ಕುಂದ್ರಿಸ್ತಾಳೆ. ಒಂದು ರೊಟ್ಟಿ ಹಾಕ್ತಾಳೆ, ಒಂದು ಬೈಗುಳ ಹಾಕ್ತಾಳೆ. ಬೀಡಿ ಸೇದಿ ಸೇದಿ ಎದಿ ಸುಟ್ಕಂತೀಯ, ನಿನ್ ಹೆಂಡ್ತಿ ಸಿದ್ದೀಕಾನ ಮುಖ ನೋಡ್ಲೇ ಮೂಳ ಅಂತ."

"ಹಂಗಂತಾಳಾ?"

"ಅನ್ನಾದಾ? ಹೋದ ಸಲ ಉಂಡಿದ್ದು ಕರಗ್ಲಿ ಅಂತ ಕೊಡ್ಲಿ ಕೊಟ್ಟು ಸೌದಿ ಒಡಿಸಿದ್ಲು ನೋಡ್ರಿ."

ಬಿಷಪ್ಪರು ನಕ್ಕರು. ನಕ್ಕು ಸ್ವಲ್ಪ ಹೊತ್ತಾದ ಮೇಲೆ, ತಮ್ಮ ಡ್ರೈವರಿನ ಮೇಲೆ ತಮಗೆ ಹೊಟ್ಟೆಕಿಚ್ಚಾಗುತ್ತಿದೆ ಎಂದು ಅವರಿಗೇ ಗೊತ್ತಾಯಿತು. ಹೊಟ್ಟೆಕಿಚ್ಚಿನ ಮೇಲೆ ಅವರು ಚರ್ಚಿನಲ್ಲಿ ನಿಂತು ಎಷ್ಟೋ ಪ್ರಸಂಗ ಮಾಡಿದ್ದುಂಟು. ಬೈಸಿಕೊಳ್ಳುವುದಕ್ಕೆ ಹೊಟ್ಟೆಕಿಚ್ಚು ಪಡುವವನ ವಿಚಾರ ಅದರಲ್ಲಿ ಒಂದು ಸಲವೂ ಬಂದಿರಲಿಲ್ಲ. ಅವರು ಕಿಟಕಿಯಾಚೆ ನೋಡುತ್ತ ಕೂತರು. ರಸ್ತೆಯ ಎರಡೂ ಕಡೆ ಭತ್ತ ತೆನೆಬಿಟ್ಟು ನಿಂತಿತ್ತು.

ಮರುದಿನ ಭಾನುವಾರ ಹರಿಹರದ ಸಣ್ಣ ಚರ್ಚಿನಲ್ಲಿ ದೃಢೀಕರಣ. ಬೆಳೆದ ಮಕ್ಕಳನ್ನು ಸಭೆಗೆ ಪೂರ್ತಿಯಾಗಿ ಸೇರಿಸಿಕೊಳ್ಳುವ ಈ ಕೆಲಸವನ್ನು ಬಿಷಪ್ಪರೇ ಬಂದು ಮಾಡಬೇಕು. ಆರಾಧನೆ ಮುಗಿದ ಮೇಲೆ ಚೆಂಡುಹೂವಿನ ಹಾರ, ಸಭೆಯ ಹಿರಿಯರ ಭಾಷಣ, ಮತ್ತೆ ಹಾರ. ಬೀಳ್ಕೊಡುಗೆಯ ಮಾತಾಡಿದವರೆಲ್ಲ ಅವರನ್ನು ಹೊಗಳಿದರು. ತಾನು ಸತ್ತಿಲ್ಲ, ಮುಂದಿನ ಸಾಲಿನಲ್ಲೇ ಕೂತು ಕೇಳುತ್ತಿದ್ದೇನೆ ಎಂದು ಎದ್ದು ಹೇಳೋಣವೆನ್ನಿಸಿತು ಅವರಿಗೆ. ಹೆಂಗಸರ ಕಡೆ, ಕಂಬದ ಪಕ್ಕ, ನೀಲಕ್ಕ ಬಿಳಿ ಸೀರೆಯುಟ್ಟು ಚಾಪೆಯ ಮೇಲೆ ಕೂತಿದ್ದಳು. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಅವರು ಆ ಕಡೆ ನೋಡಿದಾಗಲೆಲ್ಲ ಆಕೆ ತಲೆ ತಗ್ಗಿಸುತ್ತಿದ್ದಳು.

ಹಳೆಯ ಸೇತುವೆಗೆ ಸ್ವಲ್ಪ ದೂರದಲ್ಲಿ, ಹೊಳೆಯ ಕಡೆಗೆ ಹಿತ್ತಲು ಮಾಡಿಕೊಂಡಿದ್ದ ಮನೆ ನೀಲಕ್ಕನದು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಮಗ ಕರುಣಪ್ಪ ಯಂತ್ರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಸೊಸೆ ಸುಗುಣ, ನಾಲ್ಕು ಮೊಮ್ಮಕ್ಕಳು. ಬಿಷಪ್ಪರು ಒಳಗೆ ಬಂದಾಗ ಮಕ್ಕಳನ್ನು ತಲೆಬಾಚಿ ಸಾಲಾಗಿ ನಿಲ್ಲಿಸಿದ್ದರು. ಕೈಕಾಲು ತೊಳೆಯುವ ನೆಪ ಮಾಡಿಕೊಂಡು ಅವರು ಹಿತ್ತಲಿಗೆ ಹೋದರು, ಹೋಗುವ ದಾರಿಯಲ್ಲಿ ಆ ಕೋಣೆಗೊಮ್ಮೆ ಇಣುಕಿದರು. ಈರುಳ್ಳಿ ಹರವಿದ್ದರು, ಮೂಲೆಯಲ್ಲಿ ಬೆರಣಿ ಒಟ್ಟಿದ್ದರು. ಕಿಟಕಿಯೊಂದಿತ್ತು. ಅದರ ಕೆಳಗೆ ಮಂಚ ಹಾಕಿದರೆ ಮಲಗಿದಲ್ಲಿಂದಲೇ ಹೊಳೆ ಕಾಣುತ್ತದೆ. ಬೆರಣಿಯನ್ನು ಹೊರಗಿನ ಚಪ್ಪರಕ್ಕೆ ಸಾಗಿಸಬಹುದು. ಈರುಳ್ಳಿ ಅಲ್ಲೇ ಇರಲಿ, ನನಗೇನು ಅಡ್ಡಿ, ಎಂದುಕೊಂಡರು.

ಊಟಕ್ಕೆ ಮುಂದಿನ ಕೋಣೆಯಲ್ಲಿ ಮೇಜು ಬಂದಿತ್ತು. ಕಾರ್ಖಾನೆಯ ಅಧಿಕಾರಿಯೊಬ್ಬರ ಮನೆಯಿಂದ ಕರುಣಪ್ಪ ಅದನ್ನು ತಲೆಯ ಮೇಲೆ ಹೊತ್ತು ತಂದಿದ್ದನಂತೆ. ಅದರ ಜೊತೆಗೆ ಹೂವಿನ ಚಿತ್ರದ ಪಿಂಗಾಣಿ ತಟ್ಟೆ, ಮುಳ್ಳುಚಮಚ, ಚಾಕು. ಕುರ್ಚಿ ಒಂದೇ. ಅಡಿಗೆಮನೆಯ ಬಾಗಿಲಿಗೆ ಸುಗುಣಳ ಒಳ್ಳೆಯ ಸೀರೆಯನ್ನು ಪರದೆಯಂತೆ ಇಳಿಬಿಟ್ಟಿದ್ದರು. ತಟ್ಟೆಯಲ್ಲಿ ದಾವಣಗೆರೆಯಿಂದ ತರಿಸಿದ ಡಬ್ಬಲ್ ರೊಟ್ಟಿಯ ಹೋಳುಗಳು, ಬಟ್ಟಲಲ್ಲಿ ಕೋಳಿಸಾರು.

"ಬ್ರೆಡ್ಡು ಯಾಕೋ ಕರುಣ?"

"ತಾವು ಅದನ್ನೇ ಊಟ ಮಾಡಾದಲ್ರೀ?" ಕರುಣಪ್ಪ ಗಾಬರಿಯಾದ. "ಮೆತ್ತಗೈತೆ. ಮುಂಜಾನಿದು."

ಪರದೆಯ ಆಚೆಯಿಂದ ಜೋಳದ ರೊಟ್ಟಿ ತಟ್ಟುವ ಸದ್ದು ಬರುತ್ತಿತ್ತು. ಹಂಚಿನ ಮೇಲೆ ರೊಟ್ಟಿ ಉಬ್ಬುವ ವಾಸನೆ, ಹಸಿ ಈರುಳ್ಳಿಯ ವಾಸನೆ. ಮುನಾಫ್ ಏನೋ ಹೇಳಿದ, ಮಕ್ಕಳು ಗೊಳ್ಳೆಂದು ನಕ್ಕವು, "ಮೆಲ್ಲಕ್ಕಲೇ, ಅಯ್ನೋರು ಉಣ್ತಾರೆ," ಎಂದು ನೀಲಕ್ಕ ಗದರಿದಳು. ಮುನಾಫನಿಗೆ ಇನ್ನೊಂದು ರೊಟ್ಟಿ ಬಿತ್ತು, ಜೊತೆಗೊಂದು ಬೈಗುಳವೂ ಬಿತ್ತು. ಬಿಷಪ್ಪರು ಬ್ರೆಡ್ಡಿನ ಹೋಳನ್ನು ಸಾರಿಗೆ ಅದ್ದಿ ಬಾಯಿಗಿಟ್ಟರು. ಕರುಣಪ್ಪ ಬೀಸಣಿಗೆ ಹಿಡಿದು ಹಿಂದೆ ನಿಂತಿದ್ದ.

ಅರ್ಧ ಉಂಡವರು ತಡೆಯಲಾರದೆ ಎದ್ದರು. ಪರದೆ ಸರಿಸಿ ಅಡಿಗೆಮನೆಗೆ ಕಾಲಿಟ್ಟರು.

ಒಲೆಯ ಸುತ್ತ ಗುಂಡಾಗಿ ಕೂತಿದ್ದವರೆಲ್ಲ ಒಟ್ಟಿಗೇ ಎದ್ದು ನಿಂತರು. ಮುನಾಫನ ಬಾಯಿ ತುಂಬ ರೊಟ್ಟಿಯಿತ್ತು, ಅಗಿಯುವುದನ್ನೂ ಬಿಟ್ಟ. ಸಣ್ಣ ಮೊಮ್ಮಗಳು ಎಂಜಲ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ನೀಲಕ್ಕ ಹಿಟ್ಟಿನ ಕೈಯಲ್ಲೇ ಸೆರಗು ಎಳೆದುಕೊಂಡಳು.

"ಏಳಬ್ಯಾಡ್ರಿ. ಕೂಡ್ರಿ, ಕೂಡ್ರಿ. ನಾನೂ ಇಲ್ಲೇ ಒಂದು ರೊಟ್ಟಿ ತಿಂತೀನಿ ಅಂತ ಬಂದೆ."

"ನೆಲ ಒದ್ದಿ ಐತ್ರಿ," ಎಂದಳು ನೀಲಕ್ಕ.

"ಇರ್ಲಿ."

"ಹೊಗಿ ಬಾಳ ಐತೆ."

ಯಾರೂ ಕೂಡಲಿಲ್ಲ. ಅವರು ನಿಂತರು, ಎಲ್ಲರೂ ನಿಂತರು. ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ಅದನ್ನು ತಿರುವಲಿಕ್ಕೆ ನೀಲಕ್ಕ ಬಗ್ಗಬೇಕು. ಬಿಷಪ್ಪರ ಎದುರಿಗೆ ಬೆನ್ನು ತೋರಿಸಿ ಬಗ್ಗುವುದು ಹೇಗೆ? ಆಕೆಯ ಕಣ್ಣು ರೊಟ್ಟಿಯ ಮೇಲೆ, ಕಾಲು ನೆಲಕ್ಕೆ ನೆಟ್ಟಂತೆ. ಹೊಗೆ ಕಪ್ಪಾಯಿತು. ಕೊನೆಗೆ ಆ ರೊಟ್ಟಿಯ ಸಲುವಾಗಿಯಾದರೂ ಅವರು ಹೊರಗೆ ಬರಲೇಬೇಕಾಯಿತು. ಪರದೆ ಬಿದ್ದ ಮೇಲೆ, ಸೀದ ರೊಟ್ಟಿಯನ್ನು ಹಂಚಿನಿಂದ ಕೆರೆದು ತೆಗೆಯುವ ಸದ್ದು ಕೇಳಿತು.

ಎಲ್ಲರ ಊಟವಾದ ಮೇಲೆ ನೀಲಕ್ಕ ಎಲೆಯಡಿಕೆಯ ತಟ್ಟೆ ತಂದು ಅವರ ಮುಂದಿಟ್ಟು, ತಾನು ಹೊಸ್ತಿಲ ಪಕ್ಕ ನೆಲಕ್ಕೆ ಕೂತಳು. ಕರುಣಪ್ಪ ಮೇಜು ಹೊತ್ತು ಅಧಿಕಾರಿಯ ಮನೆಗೆ ಹೋಗಿದ್ದ.

"ಮ್ಯಾಲೆ ಕೂಡಕ್ಕ."

"ಇಲ್ಲೇ ಚಲೋ ಐತ್ರಿ."

"ಅಕ್ಕ, ಮಾರ್ಚಿಗೆ ನನ್ನ ಕೆಲಸ ಮುಗೀತೈತೆ."

"ಹೂಂ. ನೀಲಗಿರ್ಯಾಗೆ ಕೋಣಿ ಐತಂತ ಪಾದ್ರಿಗಳು ಹೇಳಿದ್ರು. ದೇವ್ರ ದಯದಿಂದ ಒಂದು ಕೆಟ್ಟ ಮಾತು ಬರದಂಗೆ ನಡಿಸಿದ್ರಿ."

"ಆಮ್ಯಾಗೆ ಇಲ್ಲಿಗೇ ಬರಾನ ಅಂತ."

"ಬರ್ರಿ. ಯಾರು ಬ್ಯಾಡಂದ್ರು? ಕ್ರಿಸ್ಮಸ್ಸಿಗೆ ಬರ್ರಿ, ಬ್ಯಾಸಿಗ್ಯಾಗೆ ಬರ್ರಿ."

"ಹಂಗಲ್ಲಕ್ಕ. ಇರಾಕೆ. ಆ ಹಿತ್ತಲ ಕೋಣಿ ಕೊಟ್ರೆ ಸಾಕು. ಒಂದು ಮಂಚ ಹಾಕ್ಕಂಡು ಇದ್ದುಬಿಡ್ತೀನಿ."

ನೀಲಕ್ಕ ಮೊದಲು ನಕ್ಕಳು. ಅವರ ಮುಖ ನೋಡಿ ನಗು ನಿಲ್ಲಿಸಿದಳು. ಉಗುರಿನ ಸಂದಿಯಲ್ಲಿ ಒಣಗಿದ್ದ ಹಿಟ್ಟನ್ನು ಕೆರೆಯುತ್ತ ಕೂತಳು.

"ಬ್ಯಾಡ್ರಿ," ಎಂದಳು ಆಮೇಲೆ.

ಆ ಮಾತು ಬರಬಹುದೆಂದು ಬಿಷಪ್ಪರು ಒಂದು ದಿನವೂ ನೆನೆದಿರಲಿಲ್ಲ. "ಕರುಣಗೆ ತ್ರಾಸಾಗ್ತೈತೇನು?"

"ಅವನಿಗೇನು ತ್ರಾಸು? ನೀವು ಬರ್ತೀನಂದ್ರೆ ತಾನು ಬೀದ್ಯಾಗೆ ಮಲಗ್ಯಾನು. ಅದೇ ಬ್ಯಾಡಾಗಿರಾದು. ನೀವು ಇದ್ರೆ ಈ ಮನ್ಯಾಗೆ ಯಾರೂ ಕೂಡಂಗಿಲ್ಲ, ನಗಂಗಿಲ್ಲ. ಹುಡುಗ್ರು ಕಿತ್ತಾಡಂಗಿಲ್ಲ. ಸುಗುಣ ನನ್ನ ಕೂಡ ಒಂದು ಮಾತು ಎತ್ತಿ ಆಡಂಗಿಲ್ಲ. ನಿತ್ಯ ಭಾನುವಾರ ಆದ್ರೆ ಮನಿ ನಡೀತೈತೇನ್ರಿ? ಈಗ ನೋಡ್ಲಿಲ್ವಾ, ರೊಟ್ಟಿ ಸೀದು ಕರಕಾತು."

"ದಿನಾ ಇದ್ರೆ ರೂಢಿ ಆಗ್ತೈತೆ. ನೀನು ನಾಕು ಬೈದ್ರೆ ಎಲ್ರಿಗೂ ಭಯ ಹೋಗ್ತೈತೆ. ಮುನಾಫನ್ನ ಬೈತೀಯಲ್ಲ."

"ಅವನು ಮುನಾಫ."

"ನನ್ನೂ ಬೈ."

ನೀಲಕ್ಕ ಬಾಯಿ ತೆರೆದಳು. ಅವರನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಹೊಳೆಗಿಳಿದರೆ ಬೆನ್ನಿಗೆ ಗುದ್ದಿ ಎಳೆದು ತರುತ್ತಿದ್ದವಳು. ಬಿಷಪ್ಪರು ಕಾದರು, ನಿಜವಾಗಿಯೂ ಆಸೆಯಿಂದ ಕಾದರು. ಆಕೆ ತೆರೆದ ಬಾಯನ್ನು ಸೆರಗಿನಿಂದ ಮುಚ್ಚಿಕೊಂಡಳು.

"ಬೈಯಾಕೆ ಬಾಯಿ ಬರಲ್ರೀ," ಎಂದಳು, ತಪ್ಪು ಮಾಡಿದವಳಂತೆ.

ಹೊರಗೆ ಮಕ್ಕಳು ಜೀಪಿನ ಹಾರನ್ನು ಒತ್ತಿ ಓಡಿಹೋದ ಸದ್ದಾಯಿತು. ಮುನಾಫ್ ಅವರನ್ನು ಅಟ್ಟಿಸಿಕೊಂಡು ಹೋದ.

"ಪ್ಲೇಗಿನಾಗೆ ನಿಮಗೆ ಕಂಕುಳಾಗೆ ಗಡ್ಡಿ ಎದ್ದಿತ್ತು," ಎಂದಳು ನೀಲಕ್ಕ. "ನಿಮಗೆ ನೆಪ್ಪಿಲ್ಲ, ಎಲ್ಡು ವರ್ಷದ ಕೂಸು. ಅಪ್ಪ ಗುಂಡಿ ತೋಡಾಕೆ ಹಾರಿ ಹುಡುಕ್ತಿದ್ದ. ಅವ್ವ ನಿಮ್ಮನ್ನ ಚರ್ಚಿಗೆ ಒಯ್ದು ಮುಂದೆ ಮಲಗಿಸಿ, ಉಳಿಸಿದ್ರೆ ನಿನಗೇ ಬಿಟ್ಟೆ ಸ್ವಾಮಿ ಅಂದ್ಲು. ನಾನು ಪಕ್ಕದಾಗೆ ನಿಂತಿದ್ದೆ. ನೀನೂ ಅನ್ನೇ ಅಂದ್ಲು. ನಾನೂ ಅಂದೆ. ಅವ್ವ ಒಬ್ಬಾಕಿನೇ ಬಿಟ್ಟಿದ್ದಲ್ಲ ನಿಮ್ಮನ್ನ."

ಬಿಷಪ್ಪರ ಕೈ ತಾನಾಗಿ ಕಂಕುಳ ಕಡೆ ಹೋಯಿತು.

"ದೇವ್ರಿಗೆ ಬಿಟ್ಟ ಬಸವನ್ನ ನೋಡೀರಲ್ಲ. ಯಾರ ಹೊಲದಾಗೆ ಮೇದ್ರೂ ಹೊಡಿಯಂಗಿಲ್ಲ. ಎಲ್ರ ಬಾಗಿಲಾಗೂ ಅದಕ್ಕೆ ಮೊರದಾಗೆ ಕಾಳು ಹಾಕ್ತಾರೆ, ಮುಟ್ಟಿ ಕಣ್ಣಿಗೊತ್ಕಂತಾರೆ. ಆದ್ರೆ ತಮ್ಮ ಕೊಟ್ಟಿಗ್ಯಾಗೆ ಯಾರು ಕಟ್ಕಂತಾರೆ? ವಯಸ್ಸಾತು ಅಂತ ಬಿಟ್ಟ ಮನಿಯೋರೇ ತಿರುಗಿ ಹಗ್ಗ ಹಾಕಿದ್ರೆ ಊರು ಉಗಿಯಲ್ವಾ? ಕೊಟ್ಟೋರೇ ಕೈಚಾಚಿ ಇಸ್ಕಂಡ್ರು ಅನ್ನಲ್ವಾ?"

ಇಂಥ ಹರಕೆಗಳ ವಿರುದ್ಧ ಬಿಷಪ್ಪರು ನಲವತ್ತು ವರ್ಷ ಪ್ರಸಂಗ ಮಾಡಿದ್ದರು. ದೇವರು ಹಗ್ಗ ಹಿಡಿದು ಕೂತ ಗೌಡನಲ್ಲ ಎಂದು ತೋರಿಸಲು ಬೈಬಲಿನ ಎಷ್ಟು ವಚನ ಬೇಕು? ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಕಲಿತಿದ್ದ ಅಷ್ಟಿಷ್ಟು ಗ್ರೀಕಿನಲ್ಲಿ ಕೂಡ ಬಾಯಿಗೆ ಬಂದವು. ಆದರೆ ಹೇಳಿ ಗೆದ್ದರೆ ಆಗುವುದೇನು? ಬಿಷಪ್ಪರು ಹೇಳಿದರೆಂದು ಆಕೆ ಹೂಂ ಅನ್ನುತ್ತಾಳೆ. ಕೋಣೆ ಖಾಲಿ ಮಾಡಿಸುತ್ತಾಳೆ. ಆಮೇಲೆ ಸಾಯುವ ತನಕ ಅವರ ಮುಂದೆ ನಿಂತೇ ಇರುತ್ತಾಳೆ.

"ಆ ಬಸವ ಎಲ್ಲಿ ಮಲಗ್ತೈತಕ್ಕ?" ಎಂದು ಕೇಳಿದರು.

"ಎಲ್ಲಾದ್ರೂ. ಬಯಲಾಗೆ," ಎಂದುಬಿಟ್ಟಳು ನೀಲಕ್ಕ. ಅಂದ ಮೇಲೆ ತಾನು ಅಂದದ್ದು ಕಿವಿಗೆ ಬಿತ್ತೇನೋ, ಸೆರಗಿನಿಂದ ಮೂಗು ಒರೆಸಿಕೊಂಡು ದಡಬಡಿಸಿ ಎದ್ದು ಒಳಗೆ ಹೋದಳು.

ಬರುವಾಗ ಕೈಯಲ್ಲೊಂದು ಕರಿ ಕಂಬಳಿಯಿತ್ತು. "ಆ ನೀಲಗಿರ್ಯಾಗೆ ಚಳಿ ಅಂತಾರೆ. ಇದನ್ನ ಹೊದ್ಕಳ್ರಿ. ಹೊಸಾದು, ಯಾರೂ ಹೊದ್ದಿಲ್ಲ."

"ನೀನು ಹೊದ್ದಿದ್ದು ಯಾವುದಾದ್ರೂ ಇದ್ರೆ ಕೊಡು."

"ಹಳೇದು ನಿಮಗೆ ಕೊಡಾದಾ?" ಆಕೆ ಹೊಸ ಕಂಬಳಿಯನ್ನು ಎರಡೂ ಕೈಯಲ್ಲಿ ಹಿಡಿದು ಕಾಣಿಕೆಯಂತೆ ಮುಂದೆ ಚಾಚಿದಳು. ಅವರು ತೆಗೆದುಕೊಂಡರು. ಕುರಿಯ ವಾಸನೆ ಇನ್ನೂ ಹೋಗಿರಲಿಲ್ಲ.

ಹೊರಡುವಾಗ ಕೇರಿಯವರೆಲ್ಲ ಮನೆಯ ಮುಂದೆ ಸೇರಿದ್ದರು. ಹರಿಹರದ ಪಾದ್ರಿಯೂ ಬಂದಿದ್ದರು. ಬಿಷಪ್ಪರು ಜೀಪು ಹತ್ತುವ ಮೊದಲು ಮನೆಯವರು ಒಬ್ಬೊಬ್ಬರಾಗಿ ಮೊಣಕಾಲೂರಿ ಆಶೀರ್ವಾದ ಪಡೆಯಬೇಕು. ಕರುಣಪ್ಪ, ಸುಗುಣ, ಮಕ್ಕಳದು ಆಯಿತು. ಒಂದೊಂದು ತಲೆಗೂ ಕೈ, ಎರಡು ಸಾಲಿನ ಪ್ರಾರ್ಥನೆ, ಆಮೆನ್. ಕೊನೆಗೆ ನೀಲಕ್ಕ ಬಂದು, ಮಗನ ಕೈ ಹಿಡಿದು ಕಷ್ಟಪಟ್ಟು ಮೊಣಕಾಲೂರಿದಳು. ಸೆರಗು ಜಾರಿತು.

ಬಿಷಪ್ಪರು ಕೈಯಿಟ್ಟರು. ಬೈತಲೆಯ ಎರಡೂ ಬದಿಗೆ ಕೂದಲು ತೆಳ್ಳಗಾಗಿತ್ತು, ಕುಸುಬೆ ಎಣ್ಣೆ ಅಂಗೈಗೆ ಅಂಟಿತು. ತಲೆ ಬೆಚ್ಚಗಿತ್ತು. ಒಲೆಯ ಮುಂದೆ ಬಹಳ ಹೊತ್ತು ಕೂತಿದ್ದಳಲ್ಲ.

"ಕರ್ತನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ," ಎಂದರು. "ಕರ್ತನು ನಿನಗೆ ಶಾಂತಿಯನ್ನು ಕೊಡಲಿ." ಸುತ್ತ ನಿಂತವರು ಕಣ್ಣು ಮುಚ್ಚಿ, ತಲೆ ತಗ್ಗಿಸಿ, ಆಮೆನ್ನಿಗೆ ಕಾದರು. ಆಮೆನ್ ಅಂದರೆ ಕೈ ತೆಗೆಯಬೇಕು.

ಅವರು ಅನ್ನಲಿಲ್ಲ. ಪಾದ್ರಿಗಳು ಗಂಟಲು ಸರಿಮಾಡಿಕೊಂಡು "ಆ..." ಎಂದು ಎತ್ತಿ, ಬಿಷಪ್ಪರದು ಮುಗಿದಿಲ್ಲವೆಂದು ತಿಳಿದು ನಿಲ್ಲಿಸಿದರು. ಯಾರೋ ಕೆಮ್ಮಿದರು. ದೊಡ್ಡವರ ಪ್ರಾರ್ಥನೆ ಉದ್ದವೇ ಇರುತ್ತದೆಂದು ಎಲ್ಲರೂ ಕಣ್ಣು ಇನ್ನಷ್ಟು ಬಿಗಿಯಾಗಿ ಮುಚ್ಚಿದರು. ಕೈಯ ಕೆಳಗಿನ ತಲೆ ಅಲುಗಲಿಲ್ಲ.

ಜೀಪಿನ ಪಕ್ಕ ನಿಂತಿದ್ದ ಮುನಾಫನ ಕಣ್ಣು ಮಾತ್ರ ತೆರೆದಿತ್ತು. ಆತ ಬಿಷಪ್ಪರ ತುಟಿಯನ್ನೇ ನೋಡಿದ, ಅದು ಆಡುತ್ತಿರಲಿಲ್ಲ. ನೋಡುತ್ತಿರುವಾಗ ಬಿಷಪ್ಪರೂ ಆತನನ್ನು ನೋಡಿದರು. ಮುನಾಫ್ ಮುಖ ತಿರುಗಿಸಿಕೊಂಡು, ಹೆಗಲ ಮೇಲಿನ ಬಟ್ಟೆಯಿಂದ ಜೀಪಿನ ಗಾಜನ್ನು ಸದ್ದಾಗದಂತೆ ಒರೆಸತೊಡಗಿದ.